ಹಿಮದ ಊರಿನಲ್ಲಿ ಬೈಸಿಕಲ್ಲೂ ಪಾದರಕ್ಷೆಯೂ

ಫಿನ್ಲೆಂಡ್ ದೇಶದಲ್ಲಿ, ಬೋತ್ನಿಯಾ ಕೊಲ್ಲಿಯ ತೀರದಲ್ಲಿ, ಉತ್ತರ ಅಕ್ಷಾಂಶ 65ರಲ್ಲಿ ಔಲು ಎಂಬ ಪಟ್ಟಣವಿದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯದರ್ಶನವು ದಿನಕ್ಕೆ ಮೂರೂವರೆ ಗಂಟೆಯಷ್ಟು ಮಾತ್ರ. ಶೈತ್ಯವು ಸೊನ್ನೆಗಿಂತ 20 ಡಿಗ್ರಿ ಕೆಳಕ್ಕಿಳಿಯುವುದೂ ಅಪರೂಪವಲ್ಲ. ಇಂತಹ ಊರಿನ ಜನರು ಚಳಿಗಾಲದಲ್ಲಿ ಬೈಸಿಕಲ್ಲನ್ನು ಮೂಲೆಗೊರಗಿಸಿರುವರೆಂದು ವಾಚಕರು ಊಹಿಸಬಹುದು. ಸಂಗತಿಯು ಅದಕ್ಕೆ ವಿರುದ್ಧವಾದುದು. ಪುರಸಭೆಯವರು ಸೈಕಲ್ ದಾರಿಗಳ ಹಿಮವನ್ನು ಸರಿಸುತ್ತಾರೆ. ಉಳಿದ ಹಿಮವು ಒತ್ತಿಕೊಂಡು ಗಟ್ಟಿನೆಲದಂತಾಗುತ್ತದೆ. ಅದರ ಮೇಲೆ ಬಾಲಕರು ಶಾಲೆಗೂ ವೃದ್ಧರು ಅಂಗಡಿಗೂ ಸೈಕಲ್ ತುಳಿಯುತ್ತಾ ಹೋಗುವರು. ಚಳಿಗಾಲದ ಸೈಕಲ್ ಸಂಚಾರವನ್ನೇ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು 2013ರಲ್ಲಿ ಮೊತ್ತಮೊದಲು ಸೇರಿದುದು ಇಲ್ಲಿಯೇ.

ಮಗಳು ನೆಲೆಸಿರುವ ಆ ಊರಿಗೆ ನಾನು ಮಾಘಮಾಸದಲ್ಲಿ ಹೋಗಿದ್ದೆನು. ಮೊಮ್ಮಗನೊಡನೆ ಅವನ ಶಾಲೆಯವರೆಗೆ ಸೈಕಲ್ಲಿನ ಮೇಲೆ ಹೋಗಿಬರಬೇಕೆಂಬುದು ನನ್ನ ಆಸೆ. “ಅಪ್ಪಾ, ಕೋಟಿನ ಮಾತು ಆಮೇಲೆ, ಮೊದಲು ಕಾಲಿಗೆ ನೋಡೋಣ” ಎಂದು ಮಗಳು ಅಂಗಡಿಗೆ ಕರೆದೊಯ್ದಳು. ಮಾತು ಯುಕ್ತವಾದುದೇ. ನಡೆಯುವವನ ಪಾದವು ಹೆಜ್ಜೆಹೆಜ್ಜೆಗೂ ಬಾಗಿ ರಕ್ತವನ್ನು ಚಲಿಸುವಂತೆ ಮಾಡುವುದು. ಸೈಕಲ್ ತುಳಿಯುವವನ ಪಾದವಾದರೋ ಹೆಚ್ಚು ಬಾಗದೆ ಪೆಡಲಿನ ಮೇಲಿದ್ದು, ಎದುರುಗಾಳಿಗೆ ಬೆರಳುಗಳನ್ನೊಡ್ಡಿರುವುದು. ಮೈ ತಣ್ಣಗಾದಾಗ ಶರೀರವು ಹೃದಯಾದಿ ಮರ್ಮಸ್ಥಾನಗಳನ್ನು ಕಾಯುವುದಕ್ಕಾಗಿ ಕೈಕಾಲುಗಳಿಗೆ ಹೋಗುವ ರಕ್ತವನ್ನೇ ಮೊದಲು ಕುಗ್ಗಿಸುವುದು.

ಬೂಟ್ಸು ತಾನಾಗಿ ಶಾಖವನ್ನು ಹುಟ್ಟಿಸದು. ಕಾಲಿನ ಶಾಖವನ್ನು ನಿಶ್ಚಲವಾದ ಗಾಳಿಯ ಪದರದಲ್ಲಿ ಹಿಡಿದಿಡುವುದಷ್ಟೇ ಅದರ ಕೆಲಸ. ಆದುದರಿಂದ ಬಿಗಿಯಾದ ಬೂಟ್ಸು ಎಷ್ಟು ದಪ್ಪವಾಗಿದ್ದರೂ ವ್ಯರ್ಥ. ಉಣ್ಣೆಯ ಕಾಲುಚೀಲ ತೊಟ್ಟು ನೋಡಿ, ಒಳಗೆ ಬೆರಳುಗಳು ಸಲೀಸಾಗಿ ಆಡುವಂತಿದ್ದರೆ ಮಾತ್ರ ಕೊಳ್ಳಬೇಕು. ಹತ್ತಿಯ ಚೀಲವು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವುದು, ಅದು ಕೂಡದು. ಪೆಡಲಿನ ಲೋಹವು ಅಡಿಯಿಂದ ಶಾಖವನ್ನು ಸೆಳೆಯುವುದರಿಂದ ದಪ್ಪ ಅಟ್ಟೆಯೂ ಅದರ ಮೇಲೆ ಉಣ್ಣೆಯ ಒಳಹಾಸೂ ಬೇಕು. ನಿಂತಾಗ ಮಂಜುಗಡ್ಡೆಯ ಮೇಲೆ ಕಾಲೂರಬೇಕಾದುದರಿಂದ ಅಟ್ಟೆಯು ಜಾರದಂತಿರಬೇಕು. ಹಿಮವು ಒಳಹೊಗದಂತೆ ಬೂಟ್ಸು ಹರಡಿನ ಮೇಲಕ್ಕೇರಿರಬೇಕು. ಒಳಹಾಸನ್ನು ರಾತ್ರಿ ತೆಗೆದು ಒಣಗಿಸುವಂತಿರಬೇಕು.

ಇದು ನೂತನ ವಿದ್ಯೆಯಲ್ಲ. ಅದೇ ಉತ್ತರದೇಶದ ಸಾಮಿ ಜನರು ಹಿಂದೆ ಹಿಮಸಾರಂಗದ ಚರ್ಮದ ಪಾದರಕ್ಷೆಯೊಳಗೆ ಒಣಗಿದ ಜೊಂಡುಹುಲ್ಲನ್ನು ತುಂಬಿ ಕಾಲಿಡುತ್ತಿದ್ದರು. ಆ ಹುಲ್ಲನ್ನು ತೆಗೆದು ಒಣಗಿಸಿ ಮತ್ತೆ ಬಳಸುತ್ತಿದ್ದರು.

ಮಕ್ಕಳನ್ನು ಚಳಿದೇಶಗಳಿಗೆ ಕಳುಹಿಸುವ ಗೃಹಸ್ಥರು ಒಂದು ಮಾತನ್ನು ನೆನಪಿನಲ್ಲಿಡತಕ್ಕದ್ದು. ಬೆರಳು ನೋಯುವವರೆಗೆ ಅದು ಎಚ್ಚರಿಕೆ. ನೋವಡಗಿ ಮರವಟ್ಟಿತೆಂದರೆ ಅಪಾಯ. ಆಗ ಹಿಮದಿಂದ ಉಜ್ಜದೆ, ಸವಾರಿಯನ್ನು ನಿಲ್ಲಿಸಿ, ಬೆಚ್ಚನೆಯ ಮನೆಯೊಳಗೆ ಹೋಗಬೇಕು. ಅಲಕ್ಷಿಸಿದವನು ಬೆರಳನ್ನೇ ಕಳೆದುಕೊಂಡಾನು.