ನಾಲ್ಕು ತಾಲೂಕಿನ ಬೈಕು

ಮೋಟಾರು ಬೈಕಿನ ವಿಷಯ ಬಂದರೆ ನಮ್ಮ ಮೈಸೂರು ಜಿಲ್ಲೆಯವರು ಸ್ವಲ್ಪ ಗತ್ತಿನಿಂದಲೇ ಮಾತಾಡುತ್ತೇವೆ. ಅದಕ್ಕೆ ಕಾರಣವೂ ಇದೆ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ಕಾರ್ಖಾನೆ ಕಟ್ಟಿದವರು ಇರಾನಿ ಎಂಬ ಪಾರ್ಸಿ ಮನೆತನದವರು, ತಂತ್ರಜ್ಞಾನ ಚೆಕೊಸ್ಲೊವಾಕಿಯಾದ್ದು. 1973ರಿಂದ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆದರೆ ಹುಣಸೂರು, ಕೆ.ಆರ್. ನಗರದ ಬೀದಿಗಳಲ್ಲಿ ಯೆಜ್ಡಿಯ ಸದ್ದು ಅಡಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಕಿಕ್ ಹೊಡೆಯುವ ಅದೇ ಲಿವರನ್ನು ತಿರುಗಿಸಿ ಗೇರ್ ಹಾಕುವ ಆ ಗಾಡಿಯನ್ನು ಕಾಪಾಡಿದ್ದು ಕಾರ್ಖಾನೆಯವರಲ್ಲ. ಮರದ ಕೆಳಗೆ ಗೋಣಿಚೀಲ ಹಾಸಿ, ಎರಡು ಸ್ಪ್ಯಾನರು, ಒಂದು ಸುತ್ತಿಗೆ ಇಟ್ಟುಕೊಂಡು ಕೂತಿರುತ್ತಿದ್ದ ಉಸ್ತಾದರು.

ಈಗ ಅದೇ ಯೆಜ್ಡಿ ಹೆಸರು ಮತ್ತೆ ಬಂದಿದೆ. 2022ರ ಜನವರಿಯಲ್ಲಿ ಬಂದ ಮೂರು ಮಾದರಿಗಳಲ್ಲಿ ಒಂದರ ಹೆಸರೇ ‘ಅಡ್ವೆಂಚರ್’. 334 ಸಿಸಿ ಇಂಜಿನ್, ನೀರಿನಿಂದ ತಂಪಾಗುವ ವ್ಯವಸ್ಥೆ, 21 ಇಂಚಿನ ಮುಂದಿನ ಚಕ್ರ. 2025ರಲ್ಲಿ ಅದನ್ನು ಮತ್ತೆ ತಿದ್ದಿ, ಮುಂದೆ ಎರಡು ಕಣ್ಣಿನ ದೀಪ ಇಟ್ಟು ಬಿಟ್ಟಿದ್ದಾರೆ. ಆದರೆ ಇದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮಾತ್ರ ನಮ್ಮೂರಿನದು.

ಇಷ್ಟೆಲ್ಲ ನಾವು ತಿಳಿದುಕೊಳ್ಳಬೇಕಾಗಿ ಬಂದದ್ದು ನಮ್ಮ ಆಪಾಳ ಮಗನಿಂದ. ಅವನು ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೇಟು, ಕಿಟಕಿಗಿಂತ ಹೆಚ್ಚಾಗಿ ಅವನ ಹೊಟ್ಟೆ ಹೊರೆಯುವುದು ಹೊಗೆಸೊಪ್ಪಿನ ಬ್ಯಾರನ್. ಸೊಪ್ಪು ಹದ ಮಾಡುವ ಬ್ಯಾರನ್ನಿನೊಳಗೆ ಬೆಂಕಿಯ ಶಾಖ ಹಾಯಿಸುವ ತಗಡಿನ ಪೈಪುಗಳಿರುತ್ತವೆ. ಒಂದು ಸಲ ಸೊಪ್ಪು ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು. ಆ ಹೊತ್ತಿನಲ್ಲಿ ಪೈಪು ತೂತು ಬಿದ್ದರೆ, ಕಾದ ಪೈಪಿನ ಮೇಲೆ ಒಣಗಿದ ಒಂದು ಸೊಪ್ಪು ಬಿದ್ದರೆ, ರೈತನ ವರ್ಷದ ದುಡಿಮೆ ಬೂದಿ. ಆದ್ದರಿಂದ ಮಳೆಗಾಲದ ನಡುವೆ ಶುರುವಾಗಿ ಹರಾಜು ಮಾರುಕಟ್ಟೆ ಏರುವ ತನಕ ಅವನ ಫೋನು ಮಧ್ಯರಾತ್ರಿಯೂ ಬಡಿದುಕೊಳ್ಳುತ್ತದೆ. ಇವತ್ತು ಪಿರಿಯಾಪಟ್ಟಣದ ಕಂಪಲಾಪುರದ ಕಡೆ, ನಾಳೆ ಹನಗೋಡು, ನಾಡಿದ್ದು ಎಚ್.ಡಿ. ಕೋಟೆಯ ಅಂತರಸಂತೆ, ಆಮೇಲೆ ಕೆ.ಆರ್. ನಗರ. ಹೆದ್ದಾರಿ ಬಿಟ್ಟ ಮೇಲೆ ಬ್ಯಾರನ್ನಿನವರೆಗಿನ ದಾರಿ ಎಂದರೆ ಎತ್ತಿನ ಗಾಡಿಯ ಜಾಡು, ಕೆಂಪು ಕೆಸರು, ಕಾಡಂಚಿನಲ್ಲಾದರೆ ಆನೆಯ ಲದ್ದಿ.

ಪೇಟೆಯ ಹುಡುಗರಿಗೆ ಅಡ್ವೆಂಚರ್ ಬೈಕು ಷೋಕಿ ಇರಬಹುದು, ಇವನಿಗೆ ಅದು ಕಸುಬಿನ ಸಲಕರಣೆ. 2018ರಲ್ಲಿ ಕೊಂಡ 411 ಸಿಸಿಯ ಹಿಮಾಲಯನ್ ಅವನಲ್ಲಿದೆ. ನೆಲದಿಂದ 220 ಮಿಲಿಮೀಟರ್ ಎತ್ತರವಿರುವ ಆ ಗಾಡಿ ಕಲ್ಲಿಗೆ ಹೊಟ್ಟೆ ತಾಗಿಸದೆ ಹೋಗುತ್ತದೆ. 2023ರ ನವೆಂಬರಿನಲ್ಲಿ ಅದರ ಜಾಗಕ್ಕೆ 452 ಸಿಸಿಯ ಹೊಸ ಹಿಮಾಲಯನ್ ಬಂತು. ಅಂದಿನಿಂದ ಶುರುವಾಯಿತು ನೋಡಿ, "ಮಾಮು, ಹಳೇದು ಕೊಟ್ಟು ಹೊಸದು ತಗೊಳ್ಳಲಾ?"

ಲೆಕ್ಕ ಹಾಕೋಣ ಎಂದು ಕೂತೆವು. ಹಳೆಯದರ ಶಕ್ತಿ 24 ಅಶ್ವಶಕ್ತಿಯಷ್ಟು, ಹೊಸದರದ್ದು 40ರ ಹತ್ತಿರ. ಗೇರು ಐದಿದ್ದದ್ದು ಆರಾಗಿದೆ. ಟ್ಯಾಂಕು 15 ಲೀಟರಿನಿಂದ 17ಕ್ಕೆ ಏರಿದೆ. ದೀಪ ಎಲ್‌ಇಡಿ. ದಾರಿ ತೋರಿಸುವ ಪರದೆ ಬೇರೆ. ಮೈಸೂರು–ಹುಣಸೂರು ಹೆದ್ದಾರಿಯಲ್ಲಿ ದಿನಾ ನೂರರ ವೇಗದಲ್ಲಿ ಹೋಗುವವನಿಗೆ ಈ ವ್ಯತ್ಯಾಸ ದೊಡ್ಡದು. ಕೆಸರಿನಲ್ಲಿ ಎರಡನೇ ಗೇರಿನಲ್ಲಿ ತೆವಳುವವನಿಗೆ ಆ ಹೆಚ್ಚಿನ 16 ಕುದುರೆಗಳು ಲಾಯದಲ್ಲೇ ನಿಂತಿರುತ್ತವೆ. ತೂಕ 196 ಕೆ.ಜಿ.; ರಾತ್ರಿ ಹೊಲದಲ್ಲಿ ಉರುಳಿಬಿದ್ದರೆ ಒಬ್ಬನೇ ಎತ್ತುವ ಕಷ್ಟ ಹಳೆಯದಕ್ಕೂ ಹೊಸದಕ್ಕೂ ಒಂದೇ. ನಿಜವಾಗಿ ಕೆಲಸಕ್ಕೆ ಬರುವುದು ದೀಪ. ಆನೆ ದಾಟುವ ದಾರಿಯಲ್ಲಿ ಒಳ್ಳೆಯ ಬೆಳಕೆಂದರೆ ಜೀವದ ಮಾತು. ಆದರೆ ಒಂದು ದೀಪಕ್ಕಾಗಿ ಇಡೀ ಗಾಡಿ ಬದಲಿಸಬೇಕೇ?

ಕೋಷ್ಟಕಗಳಲ್ಲಿ ಎದ್ದು ಕಾಣದ ಸಂಗತಿಯೂ ಒಂದಿದೆ. ಹಳೆಯದರ ಸೀಟಿನ ಎತ್ತರ 800 ಮಿಲಿಮೀಟರ್, ಹೊಸದರದ್ದು 825. ಹಿಂದಿನ ಸೀಟು ಅದಕ್ಕೂ ಮೇಲೆ. ಆಪಾಗೆ ಮೊಣಕಾಲು ನೋವು. ಬುರ್ಖಾ ತೊಟ್ಟು, ಹೆಲ್ಮೆಟ್ ಹಾಕಿ, ಒಂದೇ ಪಕ್ಕಕ್ಕೆ ಕಾಲಿಳಿಸಿ ಕೂರುವ ಹೆಂಗಸಿಗೆ ಈ ಗಾಡಿಗಳೆಂದರೆ ಅಟ್ಟ ಹತ್ತಿದಂತೆ. "ನಿನ್ನ ಬೈಕು ಕಾಡಿಗೆ ಹೋಗುತ್ತೆ, ಬೆಟ್ಟಕ್ಕೆ ಹೋಗುತ್ತೆ, ನನ್ನ ಮಾತ್ರ ಆಸ್ಪತ್ರೆಗೆ ಕರಕೊಂಡು ಹೋಗಲ್ಲ" ಎಂದು ಆಪಾ ಅಂದದ್ದು ನಗೆಯ ಮಾತಾದರೂ ಸುಳ್ಳಲ್ಲ. ನಮ್ಮ ಕಡೆಯ ಮನೆಗಳಲ್ಲಿ ಬೈಕೆಂದರೆ ಒಬ್ಬನ ಸೊತ್ತಲ್ಲ. ಸಂತೆ, ಆಸ್ಪತ್ರೆ, ಮದುವೆಮನೆ ಎಲ್ಲಕ್ಕೂ ಅದೇ ಗತಿ.

ದುಡ್ಡಿನ ಮಾತು ಕೊನೆಗೆ ಬಂತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಅದಕ್ಕಿಂತ ದೊಡ್ಡವಕ್ಕೆ ಶೇ. 40 ಆಯಿತು. ಹೀಗಾಗಿ 452 ಸಿಸಿಯ ಗಾಡಿ ದುಬಾರಿ ಸಾಲಿಗೂ, 334 ಸಿಸಿಯ ಯೆಜ್ಡಿ ಅಗ್ಗದ ಸಾಲಿಗೂ ಸೇರಿದವು. ಹೊಸದಾಗಿ ಕೊಳ್ಳುವವನು ಇದನ್ನು ಮರೆಯಬಾರದು. ಇವನ ಕೈಯಲ್ಲಿದ್ದದ್ದು ಚೀಟಿಯ ಹಣ. ಅದೂ ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆಂದು ಆಪಾ ಕಟ್ಟಿಕೊಂಡು ಬಂದದ್ದು. ಉಳಿದದ್ದಕ್ಕೆ ಸಾಲ. ಬಡ್ಡಿ ಎಂದರೆ ಆಪಾಗೆ ಆಗುವುದಿಲ್ಲ. "ಬಡ್ಡಿ ಇಲ್ಲದೆ ಈ ಕಾಲದಲ್ಲಿ ಯಾರು ಕೊಡ್ತಾರೆ, ಮಾಮು?" ಎಂದು ಅವನು ಕೇಳಿದ. ಪ್ರಶ್ನೆ ಸರಿಯೇ. ಬಡ್ಡಿಯ ಧರ್ಮಸೂಕ್ಷ್ಮವನ್ನು ಬದಿಗಿಟ್ಟರೂ, ಹೊಗೆಸೊಪ್ಪಿನ ದರ ಈ ವರ್ಷ ಇದ್ದಂತೆ ಬರುವ ವರ್ಷ ಇರುವುದಿಲ್ಲ. ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಏರಿಳಿಯುವ ಸಂಪಾದನೆಗೆ ಏರಿಳಿಯದ ಕಂತು ಕಟ್ಟಿಹಾಕುವುದು ಕೆಸರಿನಲ್ಲಿ ಭಾರದ ಗಾಡಿ ಓಡಿಸಿದ ಹಾಗೆ.

ನಾವು ಹೇಳಿದ್ದು ಇಷ್ಟು. ಹೊಸ ಗಾಡಿ ಕೆಟ್ಟದ್ದೆಂದಲ್ಲ, ಬಹಳ ಒಳ್ಳೆಯದೇ. ಇರುವ ಗಾಡಿಯ ಇಂಜಿನ್ ಗಟ್ಟಿಯಾಗಿರುವಾಗ, ಹುಣಸೂರಿನ ಉಸ್ತಾದರ ಕೈಗೆ ಅದರ ನಾಡಿ ಗೊತ್ತಿರುವಾಗ, ಅದನ್ನು ಕೊಟ್ಟು ಮೈಸೂರಿನ ಕಂಪ್ಯೂಟರನ್ನೇ ನಂಬಬೇಕಾದ ಗಾಡಿ ತರುವುದು ಇವನ ಕಸುಬಿಗೆ ಲಾಭವಲ್ಲ. ಮಧ್ಯರಾತ್ರಿ ಕಂಪಲಾಪುರದಲ್ಲಿ ನಿಂತವನಿಗೆ 40 ಅಶ್ವಶಕ್ತಿಗಿಂತ, ಫೋನು ಮಾಡಿದರೆ ಎದ್ದು ಬರುವ ಒಬ್ಬ ಮೆಕ್ಯಾನಿಕ್ ದೊಡ್ಡವನು. ಯೆಜ್ಡಿ ಕಾರ್ಖಾನೆ ಮುಚ್ಚಿದ ಮೇಲೂ ಯೆಜ್ಡಿ ಓಡಿದ್ದರ ಗುಟ್ಟು ಇದೇ ಅಲ್ಲವೇ? ಹಳೆಯದು ರಿಪೇರಿಗೇ ದುಡಿಮೆ ತಿನ್ನತೊಡಗಿದರೆ, ಅಥವಾ ಮೊದಲ ಬಾರಿಗೆ ಕೊಳ್ಳುವವನಾದರೆ, ಹೊಸದನ್ನು ಧಾರಾಳವಾಗಿ ನೋಡಲಿ.

ಹುಡುಗ ಮುಖ ಊದಿಸಿಕೊಂಡೇ ಎದ್ದು ಹೋದ. ಮರುವಾರ ಎರಡು ಟೈರು, ಚೈನು ಸ್ಪ್ರಾಕೆಟ್, ಮುಂದೆ ಒಂದು ಜೋಡಿ ಒಳ್ಳೆಯ ದೀಪ ಹಾಕಿಸಿದ್ದಾನೆಂದು ಆಪಾ ಹೇಳಿದಳು. ತಂಗಿಯ ಫೀಸು ಕಟ್ಟಿಯಾಯಿತಂತೆ. ಹೊಸ ಬೈಕಿನ ಆಸೆ ಬಿಟ್ಟಿಲ್ಲ, ಬಿಡುವ ವಯಸ್ಸೂ ಅಲ್ಲ. ಕಟ್ಟೆಮಳಲವಾಡಿಯ ಹರಾಜು ಮುಗಿದು, ರೈತರ ಕೈಗೆ ದುಡ್ಡು ಬಂದು, ಅವರಿಂದ ಇವನ ಬಾಕಿಯೆಲ್ಲ ವಸೂಲಾದ ಮೇಲೆ ಮತ್ತೆ ಕೂತು ಮಾತಾಡೋಣ ಎಂದಿದ್ದೇವೆ. ಆ ಬಾಕಿ ಕೇಳಲು ನಾಲ್ಕು ತಾಲೂಕು ಸುತ್ತುವುದಕ್ಕೆ ಹಳೆಯ ಗಾಡಿಯೇ ಸಾಕು.