ಹೆಬ್ಬೆಟ್ಟಿನ ಗೂಢಚಾರ

ಮಂಗಳೂರಿನ ನೋಂದಣಿ ಕಚೇರಿಯಲ್ಲಿ ಮನೆ, ತೋಟ ಮಾರುವವರು ಇಂದಿಗೂ ಪತ್ರಕ್ಕೆ ಹೆಬ್ಬೆರಳನ್ನೊತ್ತುತ್ತಾರೆ. ಈ ಗೆರೆಗಳಿಂದ ಕೊಲೆಗಾರನನ್ನು ಹಿಡಿಯಬಹುದೆಂದು 1892ರಲ್ಲಿ ಅರ್ಜೆಂಟೈನಾ ತೋರಿಸಿತು. ಭಾರತದ ಸರದಿ ಬಂದುದು 1897ರಲ್ಲಿ.

ಭೂತಾನದ ಗಡಿಯ ಜಲಪಾಯ್‌ಗುರಿ ಜಿಲ್ಲೆಯಲ್ಲಿ ಚಹಾ ತೋಟದ ಮ್ಯಾನೇಜರನೊಬ್ಬ ಹಾಸಿಗೆಯ ಮೇಲೆಯೇ ಕೊಲೆಯಾಗಿದ್ದ, ತಿಜೋರಿ ಬರಿದಾಗಿತ್ತು. ಅಡುಗೆಯವನ ಬಟ್ಟೆಯಲ್ಲಿ ರಕ್ತದ ಕಲೆ! ಪಾರಿವಾಳ ಕೊಯ್ದೆನೆಂದು ಅವನ ಉತ್ತರ. ಯಾರು ನಂಬಬೇಕು? ನೇಣು ಅವನ ಕೊರಳಿಗೇ ಬೀಳಬಹುದಿತ್ತು. ಅಷ್ಟರಲ್ಲಿ ದೊರೆಯಿತು, ನೀಲಿ ಹೊದಿಕೆಯ ಒಂದು ಬಂಗಾಳಿ ಪಂಚಾಂಗ. ಅದರ ಮೇಲಿನ ಕಂದು ಕಲೆಯನ್ನು ಭೂತಗನ್ನಡಿಯಿಟ್ಟು ನೋಡಿದರೆ, ಬೆರಳಿನ ಗೆರೆಗಳು!

ಗೆರೆ ದೊರೆತರಾಯಿತೆ? ಸಾವಿರಾರು ಕೈದಿಗಳ ಗುರುತುಗಳ ರಾಶಿಯಲ್ಲಿ ಅದರ ಜೋಡಿಯನ್ನು ಹುಡುಕುವುದೆಂತು? ಆ ತೊಡಕನ್ನು ಬಿಡಿಸಿದವರು ಕಲ್ಕತ್ತೆಯ ಬೆರಳಚ್ಚು ಕಚೇರಿಯ ಸಬ್ಇನ್ಸ್‌ಪೆಕ್ಟರ್ ಅಜೀಜುಲ್ ಹಕ್. ಗಣಿತ ಓದಿದ ಈ ತರುಣರು ಹತ್ತು ಬೆರಳುಗಳ ಸುಳಿಗಳನ್ನು ಲೆಕ್ಕಕ್ಕಿಳಿಸಿ, ಗುರುತುಪತ್ರಗಳನ್ನು 1,024 ಗೂಡುಗಳಲ್ಲಿ ಹಂಚಿದರು. ಸಹೋದ್ಯೋಗಿ ಹೇಮಚಂದ್ರ ಬೋಸರ ಶ್ರಮವೂ ಇದರಲ್ಲಿ ಕೂಡಿತ್ತು.

ಪಂಚಾಂಗದ ಗುರುತು ಕಚೇರಿಯ ದಾಖಲೆಯೊಂದಕ್ಕೆ ಹೊಂದಿತು. ಹಿಂದೊಮ್ಮೆ ಆ ಮ್ಯಾನೇಜರನೇ ಕಳವಿಗಾಗಿ ಜೈಲಿಗಟ್ಟಿಸಿದ್ದ ಆಳಿನ ಬಲ ಹೆಬ್ಬೆಟ್ಟು ಅದು! 1898ರಲ್ಲಿ ನ್ಯಾಯಾಲಯ ಅವನಿಗೆ ಕಳವಿನ ಶಿಕ್ಷೆ ವಿಧಿಸಿತು. ಕಣ್ಣಾರೆ ಕಂಡವರಿಲ್ಲದೆ ಕೊಲೆಯ ಹೊಣೆ ಹೊರಿಸಲೊಪ್ಪಲಿಲ್ಲ. ನೇಣಿನ ಮುಂದೆ ಅಂತಹ ಅಳುಕು ನ್ಯಾಯಪೀಠಕ್ಕೆ ಭೂಷಣವೇ.

ಪದ್ಧತಿಗೆ ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯವರ ಹೆಸರು ನಿಂತಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದನ್ನು 1901ರಲ್ಲಿ ಕೈಗೊಂಡಿತು. ತಮ್ಮ ಸಿಬ್ಬಂದಿಯಲ್ಲಿ ಹಕ್ಕರಷ್ಟು ನೆರವಾದವರು ಬೇರೊಬ್ಬರಿಲ್ಲವೆಂದು ಹೆನ್ರಿಯವರು ಪತ್ರ ಬರೆದು ಒಪ್ಪಿದ್ದು 1926ರಲ್ಲಿ.