ನೀರಿಳಿದಾಗ ಎದ್ದ ಊರು

2023ರ ಜೂನ್ ಎರಡನೇ ವಾರ. ಇಷ್ಟು ಹೊತ್ತಿಗೆ ಸಾಗರದ ಹೆಂಚಿನ ಮಾಡುಗಳ ಮೇಲೆ ಮಳೆ ಹೊಯ್ಯಬೇಕಿತ್ತು. ಮುಂಗಾರು ಕೇರಳ ಮುಟ್ಟಿದ್ದೇ ಎಂಟನೇ ತಾರೀಕಿಗೆ. ಇಲ್ಲಿ ಇನ್ನೂ ಮಳೆ ಹಿಡಿದಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಹಿಂದೆ ಹಿಂದೆ ಸರಿದಿದೆ. ಹೊಳೆ ತುಂಬಿದಾಗ ತೆಪ್ಪ ಹಾಯುವ ಜಾಗದಲ್ಲಿ ನಾವು ಚಪ್ಪಲಿ ಮೆಟ್ಟಿ ನಡೆಯುತ್ತಿದ್ದೇವೆ. ಒಣಗಿದ ಕೆಸರಿನ ಹೆಂಟೆ ಕಾಲಡಿಗೆ ಸಿಕ್ಕಿ ಹುಡಿಯಾಗುತ್ತದೆ. ಪಡುವಣದಿಂದ ಗಾಳಿ ನುಗ್ಗುತ್ತದೆ. ಕೆಂಧೂಳೆದ್ದು ಕಣ್ಣು, ಮೂಗು, ಬಾಯಿಗೆಲ್ಲ ತುಂಬುತ್ತದೆ. ಜೊತೆಗಿರುವ ಅಜ್ಜ ಟವೆಲನ್ನು ಮುಖಕ್ಕೆ ಅಡ್ಡ ಹಿಡಿದು ನಿಲ್ಲುತ್ತಾರೆ. ಗಾಳಿ ಸರಿದ ಮೇಲೆ ಮತ್ತೆ ಮುಂದೆ. ದಾರಿ ಅವರಿಗೆ ಗೊತ್ತು. ಹುಡುಗನಾಗಿದ್ದಾಗ ಇಲ್ಲಿ ಎಮ್ಮೆ ಕಾಯ್ದವರು.

ಸುತ್ತಲೂ ಮರದ ಬೊಡ್ಡೆಗಳು, ನೀರಲ್ಲಿ ನಿಂತು ನಿಂತು ಕಪ್ಪಾದವು. ಅವು ಮುಗಿಯುವಲ್ಲಿ ಜಂಬಿಟ್ಟಿಗೆಯ ಪಂಚಾಂಗ. ಅಜ್ಜ ಬಗ್ಗಿ ಅಂಗೈಯಿಂದ ಧೂಳು ಸವರುತ್ತಾರೆ. ಕಲ್ಲಿನಲ್ಲೊಂದು ದುಂಡನೆಯ ಗುಳಿ ತೆರೆದುಕೊಳ್ಳುತ್ತದೆ. ಒರಳು. ಬೆರಳಾಡಿಸಿದರೆ ಒಳಮೈ ಈಗಲೂ ನುಣುಪು.

“ಇಲ್ಲೇ ತಮ್ಮಾ, ಅಮ್ಮ ಭತ್ತ ಕುಟ್ತಿದ್ದಿದ್ದು. ಆಚೆ ಕೊಟ್ಟಿಗೆ. ಅದರಾಚೆ ಗದ್ದೆ.”

“ಹೊರಡುವಾಗ ಏನೇನು ತಗೊಂಡು ಹೋದ್ರಿ ಅಜ್ಜಾ?”

“ದನ, ಪಾತ್ರೆ. ಬಾಗಿಲು ಕಿತ್ತುಕೊಂಡ್ವಿ. ಒರಳು ನೆಲದಲ್ಲಿ ಹುಗಿದಿತ್ತು, ಬಿಟ್ವಿ.”

ಅವರು ತೋರಿಸಿದ ಕಡೆ ಮಡೆನೂರು ಅಣೆಕಟ್ಟೆ ಕಾಣುತ್ತದೆ. ಹಿರೇಭಾಸ್ಕರವೆಂದೂ ಹೆಸರು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಟ್ಟ ಕಟ್ಟೆ ಅದು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿತು. ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ, ಹೆಚ್ಚಿನ ನೀರು ಹೊರಬಿಡುವ ಸೈಫನ್‌ಗಳು ಬಿಸಿಲಿಗೆ ಬಾಯ್ದೆರೆದು ನಿಂತಿವೆ. ಬೇಸಿಗೆ ಕಡುವಾದ ವರ್ಷ ಜನ ಇದನ್ನು ನೋಡಲೆಂದೇ ಬರುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಒರಳಿನ ಹತ್ತಿರ ಯಾರೂ ಬರುವುದಿಲ್ಲ.

ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಹಾದು ಸಾಗರಕ್ಕೆ ಬರುವ ಶರಾವತಿಯನ್ನು 1819 ಅಡಿಯವರೆಗೆ ನಿಲ್ಲಿಸಿದಾಗ ಗದ್ದೆ, ಅಡಕೆ ತೋಟ, ಸೊಪ್ಪಿನಬೆಟ್ಟ ಒಟ್ಟಿಗೇ ಹೋದವು. ನಾಡಿನ ಮನೆಗಳಿಗೆ ಬೆಳಕು ಬಂತು. ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೊರಟ ಕುಟುಂಬಗಳನ್ನು ಜಿಲ್ಲೆಯ ಕಾಡುಗಳಲ್ಲಿ ಇಳಿಸಿದರು. ಅವರು ಕಾಡು ಕಡಿದು ಮತ್ತೆ ಗದ್ದೆ ಮಾಡಿದರು. ದಾಖಲೆಯಲ್ಲಿ ಮಾತ್ರ ಅದು ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅದನ್ನು ಅರಣ್ಯದಿಂದ ಬಿಡಿಸುವಂತಿಲ್ಲ. ಒಪ್ಪಿಗೆ ಪಡೆಯದೆ ರಾಜ್ಯ ಹೊರಡಿಸಿದ ಆದೇಶವನ್ನು 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಮೂರನೇ ತಲೆಮಾರು ಉಳುತ್ತಿದೆ. ಬೆಳೆಸಾಲಕ್ಕೆ ಹೋದರೆ ಪಹಣಿ ಕೇಳುತ್ತಾರೆ.

ಬಯಲುಸೀಮೆಯವರನ್ನು ಬರ ಗುಳೆ ಎಬ್ಬಿಸುತ್ತದೆ. ಇವರನ್ನು ಎಬ್ಬಿಸಿದ್ದು ನೀರು. ಬರ ಬಂದ ವರ್ಷ ಇವರಿಗೆ ಸಿಗುವುದು ಮನೆಯ ಗುರುತು ಮಾತ್ರ. ಮಳೆ ಬಂದರೆ ಈ ಅಂಗಳ ಮತ್ತೆ ಮುಳುಗುತ್ತದೆ, ಮುಳುಗಲೇಬೇಕು. ಕರೆಂಟು ಎಲ್ಲರಿಗೂ ಬೇಕು. ಆದರೆ ಈ ನೆಲವನ್ನು ಬಿಟ್ಟುಕೊಟ್ಟವರ ಹಕ್ಕುಪತ್ರ 1964ರಿಂದ ಬಾಕಿ ಇದೆ. ಆ ಬೆಳಕಿನಲ್ಲಿ ಓದಿ ಬೆಳೆದ ನಾವೆಲ್ಲ ಅದನ್ನು ಅವರ ಪರವಾಗಿ ಕೇಳಬೇಕು.